ಔಲಿಯಲ್ಲಿ ಹಿಮವೂ ಒಂದು ಬೆಳೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಆಕಾಶದಿಂದ ಬೀಳುವ ಮಂಜುಗಡ್ಡೆ ಅಂದ್ರೆ ಆಲಿಕಲ್ಲು ಒಂದೇ. ಬೇಸಿಗೆ ಶುರುವಾಗೋ ಹೊತ್ತಿಗೆ ಗಾಳಿ ಗುಡುಗಿನ ಜೊತೆ ಬಂದು ಹತ್ತು ನಿಮಿಷ ಬಡಿದು ಹೋಗುತ್ತೆ. ಮಕ್ಕಳು ಅದನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ, ದೊಡ್ಡವರು ದ್ರಾಕ್ಷಿ ತೋಟದ ಕಡೆ, ಲಿಂಬಿ ಗಿಡಗಳ ಕಡೆ ಓಡುತ್ತಾರೆ. ಬಿದ್ದರೆ ನಷ್ಟ, ಬೀಳದಿದ್ದರೆ ಒಳ್ಳೇದು ಅನ್ನೋದೇ ನಾವು ಕಂಡ ಲೆಕ್ಕ.

ಹಿಮ ಬೀಳಲೆಂದು ಕೈಮುಗಿಯುವ ಊರುಗಳೂ ಇವೆ. ಬಿದ್ದರೆ ಆ ವರ್ಷ ಮನೆ ನಡೆಯುತ್ತೆ, ಬೀಳದಿದ್ದರೆ ಸಾಲ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿ ಅಂಥ ಒಂದು ಜಾಗ. ಭಾರತದಲ್ಲಿ ಸ್ಕೀಯಿಂಗ್ ಅಂದಾಗ ಕಾಶ್ಮೀರದ ಗುಲ್ಮಾರ್ಗ್ ಜೊತೆ ಕೇಳಿಬರುವ ಎರಡನೇ ಹೆಸರು. 2024ರ ಫೆಬ್ರುವರಿಯಲ್ಲಿ ಏಳು ದಿನದ ಸ್ಕೀಯಿಂಗ್ ತರಬೇತಿಗೆಂದು ಬೆಂಗಳೂರಿನ ಇಬ್ಬರು ಸಹೋದ್ಯೋಗಿಗಳ ಜೊತೆ ನಾನಲ್ಲಿಗೆ ಹೋಗಿದ್ದೆ. ಆ ವರ್ಷ ನಮ್ಮ ಕಡೆ ದೊಡ್ಡ ಬರ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಲಿಂಬಿ ಗಿಡಗಳಿಗೆ ಅಪ್ಪ ಟ್ಯಾಂಕರ್ ನೀರು ಹಾಕಿಸುತ್ತಿದ್ದರು.

ಫೋನ್‌ನಲ್ಲಿ ಹೇಳಿದಾಗ ಅವ್ವನಿಗೆ 'ಔಲಿ' ಅನ್ನೋದು 'ಆಲಿ' ಅಂತ ಕೇಳಿಸಿತು. "ಆಲಿಕಲ್ಲ ಬೀಳೋ ಊರಿಗಿ ಯಾರರೆ ರೊಕ್ಕಾ ಕೊಟ್ಟ ಹೋಗ್ತಾರೇನೋ ತಮ್ಮಾ?" ಅಂದಳು. ಅಪ್ಪ ಹಿಂದಿನಿಂದ, "ಇಲ್ಲಿ ಟ್ಯಾಂಕರ್ ನೀರಿಗಿ ರೊಕ್ಕಾ ಸಾಲವಲ್ದು, ಇಂವಾ ಬರ್ಫದಾಗ ಜಾರಾಕ ಹೊಂಟಾನ" ಅಂದರು. ಅಪ್ಪ ಬೈಯಲಿಲ್ಲ, ಬರೀ ಲೆಕ್ಕ ಹೇಳಿದರು. ಆ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡೇ ಹೋದೆ. ಹಾಗೆ ಹೋಗಿದ್ದರಿಂದಲೇ ಏನೋ, ಔಲಿಯಲ್ಲಿ ನನಗೆ ಕಂಡದ್ದು ಬೇರೆ.

ಮುಳ್ಳಯ್ಯನಗಿರಿಯ ಎತ್ತರದಲ್ಲೊಂದು ಊರು

ಮೊದಲು ಜಾಗದ ಪರಿಚಯ ಮಾಡಿಕೊಡ್ತೀನಿ. ದೆಹಲಿಯಿಂದ ಹೃಷಿಕೇಶ, ಅಲ್ಲಿಂದ ಸುಮಾರು 250 ಕಿಲೋಮೀಟರ್ ಬೆಟ್ಟದ ರಸ್ತೆಯಲ್ಲಿ ಜೋಶಿಮಠ. ಬದರಿನಾಥಕ್ಕೆ ಹೋಗುವ ದಾರಿಯೇ ಇದು. ಬೆಳಗ್ಗೆ ಹೊರಟರೆ ಸಂಜೆ ಆಗುತ್ತೆ. ದಾರಿಯುದ್ದಕ್ಕೂ ನದಿಗಳು ಒಂದನ್ನೊಂದು ಸೇರುವ ಪ್ರಯಾಗಗಳು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ದಾಟಿದರೆ ಜೋಶಿಮಠ, ಅದರ ಕೆಳಗೆ ವಿಷ್ಣುಪ್ರಯಾಗ. ಕೃಷ್ಣೆ ಮಲಪ್ರಭೆ ಸೇರುವ ಕೂಡಲಸಂಗಮ ಒಂದನ್ನೇ ನೋಡಿ ಬೆಳೆದ ನಮಗೆ ಒಂದೇ ದಿನದಲ್ಲಿ ಇಷ್ಟು ಸಂಗಮಗಳು ಅಂದರೆ ಆಶ್ಚರ್ಯವೇ.

ಶೃಂಗೇರಿಯಂತೆ ಇಲ್ಲೂ ಶಂಕರಾಚಾರ್ಯರು ಸ್ಥಾಪಿಸಿದರೆಂದು ಹೇಳುವ ಮಠವಿದೆ. ಆ ಜ್ಯೋತಿರ್ಮಠವೇ ಜನರ ಬಾಯಲ್ಲಿ ಜೋಶಿಮಠ ಆಗಿದ್ದು. ಚಳಿಗಾಲದಲ್ಲಿ ಬದರಿನಾಥದ ಬಾಗಿಲು ಮುಚ್ಚಿದಾಗ ಇಲ್ಲಿನ ನರಸಿಂಹ ದೇವಸ್ಥಾನದಲ್ಲಿ ಪೂಜೆ ನಡೆಯುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಜೋಶಿಮಠದ ಪೇಟೆ ಹೆಚ್ಚುಕಡಿಮೆ ಆ ಎತ್ತರದಲ್ಲೇ ಇದೆ. ಔಲಿ ಅದರ ನೆತ್ತಿಯ ಮೇಲೆ. ಇಳಿಜಾರುಗಳು ಸುಮಾರು 2,500 ಮೀಟರ್‌ನಿಂದ ಶುರುವಾಗಿ 3,000 ಮೀಟರ್ ದಾಟುತ್ತವೆ.

ಬೇಸಿಗೆಯಲ್ಲಿ ಇದು ಬರೀ ಹುಲ್ಲುಗಾವಲು. ಅಲ್ಲಿನವರು ಬುಗ್ಯಾಲ್ ಅಂತಾರೆ. ಕುರಿ, ದನ ಮೇಯುತ್ತವೆ. ಸುತ್ತ ಓಕ್ ಮತ್ತು ದೇವದಾರು ಕಾಡು. ಹಿಮ ಬಿದ್ದಾಗ ಅದೇ ಹುಲ್ಲುಗಾವಲು ಸ್ಕೀ ಮೈದಾನ. ಎದುರಿಗೆ ನಂದಾದೇವಿ, 7,816 ಮೀಟರ್. ಕಾಂಚನಜುಂಗಾ ಬಿಟ್ಟರೆ ಭಾರತದ ಎರಡನೇ ಎತ್ತರದ ಶಿಖರ. ನಮ್ಮ ಜಿಲ್ಲೆಯಲ್ಲಿ ಗೋಳಗುಮ್ಮಟವನ್ನು ದೂರದಿಂದ ನೋಡಿ "ಬಂತು ಊರು" ಅನ್ನುವ ಹಾಗೆ ಅವರಿಗೆ ನಂದಾದೇವಿ. ಅವರ ಪಾಲಿಗೆ ಅದು ಶಿಖರ ಅಲ್ಲ, ದೇವಿ.

ಔಲಿ ಮೊದಲು ಪಳಗಿದ್ದು ಸೈನಿಕರಿಗೆ. ಇಂಡೋ-ಟಿಬೆಟನ್ ಗಡಿ ಪೊಲೀಸರ ಪರ್ವತಾರೋಹಣ ಮತ್ತು ಸ್ಕೀಯಿಂಗ್ ಸಂಸ್ಥೆ ಇರೋದು ಇಲ್ಲೇ. ಟಿಬೆಟ್ ಗಡಿ ಹತ್ತಿರ ಇರುವುದರಿಂದ ಹಿಮದ ಮೇಲೆ ಓಡಾಡುವುದು ಅವರಿಗೆ ಆಟವಲ್ಲ, ಡ್ಯೂಟಿ. ಆಮೇಲೆ ಪ್ರವಾಸಿಗರು ಬಂದರು. 1990ರ ದಶಕದಲ್ಲಿ ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ಬಂತು. 2011ರ ಜನವರಿಯಲ್ಲಿ ಡೆಹ್ರಾಡೂನ್ ಮತ್ತು ಔಲಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು. ಆ ರೋಪ್‌ವೇ ಏರುವ ಆಸೆ ನನಗೂ ಇತ್ತು. ಆದರೆ ಅದು 2023ರ ಜನವರಿಯಿಂದ ನಿಂತಿತ್ತು. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ. ನಾವು ಜೀಪಿನಲ್ಲಿ ರಸ್ತೆ ಮೇಲೆ ಹೋದೆವು.

ಪಾದಕ್ಕೆ ಪಟ್ಟಿ ಕಟ್ಟಿಕೊಂಡು

ಸ್ಕೀಯಿಂಗ್ ಅಂದ್ರೆ ಸಿನಿಮಾದಲ್ಲಿ ಕಂಡಷ್ಟು ಸಲೀಸಲ್ಲ. ಮೊದಲ ದಿನ ಬರೀ ಬೂಟು ಹಾಕಿ ನಡೆಯೋದು. ಆ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಕಣಕಾಲು ಅಲ್ಲಾಡದ ಹಾಗೆ ಬಿಗಿಯುತ್ತೆ. ಹೊಸ ಎಮ್ಮೆಕರು ನಡೆಯುವ ಹಾಗೆ ನಡೆದೆವು. ಆಮೇಲೆ ಬೂಟನ್ನು ಉದ್ದನೆಯ ಪಟ್ಟಿಗೆ ಸಿಕ್ಕಿಸಬೇಕು. ಆ ಕೊಂಡಿ ಒಂದು ಒಳ್ಳೆ ಯಂತ್ರ. ಬಿದ್ದಾಗ ಕಾಲು ತಿರುಚುವಷ್ಟು ಒತ್ತಡ ಬಂದರೆ ತಾನೇ ಬಿಚ್ಚಿಕೊಳ್ಳುತ್ತೆ. ನಿಮ್ಮ ತೂಕ, ಎತ್ತರ, ಕಲಿಕೆ ನೋಡಿ ಅದನ್ನು ಎಷ್ಟು ಬಿಗಿ ಇಡಬೇಕೆಂದು ತರಬೇತುದಾರರು ಹೊಂದಿಸುತ್ತಾರೆ. ಬಾಡಿಗೆ ಅಂಗಡಿಯಲ್ಲಿ ಸಾಮಾನು ತಗೊಂಡು ಸೀದಾ ಇಳಿಜಾರಿಗೆ ಹೋಗೋದು ಅಪಾಯ ಅನ್ನೋದು ಇದಕ್ಕೇ.

ನಮ್ಮ ತರಬೇತುದಾರರು ಅಲ್ಲೇ ಕೆಳಗಿನ ಹಳ್ಳಿಯವರು, ನಲವತ್ತರ ಆಸುಪಾಸು. ಮೊದಲು ಬೀಳೋದು ಕಲಿಸಿದರು. ಮುಂದಕ್ಕೆ ಬೀಳಬಾರದು, ಹಿಂದಕ್ಕೂ ಬೀಳಬಾರದು, ಪಕ್ಕಕ್ಕೆ ಕುಂಡಿ ಊರಿ ಬೀಳಬೇಕು. ಆಮೇಲೆ ಏಳೋದು: ಪಟ್ಟಿಗಳನ್ನು ಇಳಿಜಾರಿಗೆ ಅಡ್ಡ ಇಟ್ಟರೆ ಜಾರೋದಿಲ್ಲ. ನಿಲ್ಲಿಸೋಕೆ ಮುಂದಿನ ತುದಿಗಳನ್ನು ಕೂಡಿಸಿ ಹಿಂದಿನ ತುದಿ ಅಗಲಿಸಬೇಕು. ಅಷ್ಟು ಮಾಡಿದರೆ ವೇಗ ತಗ್ಗುತ್ತೆ. ನಮ್ಮ ಕಡೆ ಇಳಿಜಾರಿನಲ್ಲಿ ಚಕ್ಕಡಿ ಹೊಡೆಯುವವನು ಎತ್ತುಗಳನ್ನು ಹಿಂದೆ ಜಗ್ಗಿ ಹಿಡಿಯುವ ಹಾಗೆ, ಇಲ್ಲಿ ಎತ್ತು ನಮ್ಮ ಮೊಣಕಾಲುಗಳೇ. ಮೂರನೇ ದಿನಕ್ಕೆ ನೂರು ಮೀಟರ್ ಬೀಳದೆ ಇಳಿದೆ. ಐದನೇ ದಿನ ಎಡಕ್ಕೂ ಬಲಕ್ಕೂ ತಿರುಗೋದು ಬಂತು. ಸ್ಕೀ ಕೆಳಗೆ ಹಿಮ ಸರ್ರನೆ ಸರಿಯುತ್ತೆ, ಕಿವಿಯ ಹತ್ತಿರ ಗಾಳಿ, ಎದುರಿಗೆ ನಂದಾದೇವಿ. ಈ ಖುಷಿ ಏನು ಅಂತ ಬರೆದು ತಿಳಿಸೋದು ಕಷ್ಟ. ಚಿಕ್ಕವರಿದ್ದಾಗ ಕೆನಾಲಿನ ದಂಡೆಯಲ್ಲಿ ಬ್ರೇಕ್ ಇಲ್ಲದ ಸೈಕಲ್ ಬಿಟ್ಟ ನೆನಪಿದ್ದವರಿಗೆ ಸ್ವಲ್ಪ ಗೊತ್ತಾಗಬಹುದು.

"ಈ ಸಲ ಬೆಳೆ ತಡ ಆಯ್ತು"

ನಾಲ್ಕನೇ ದಿನ ಚಹಾ ಕುಡಿಯುವಾಗ ತರಬೇತುದಾರರು ಹಿಂದಿಯಲ್ಲಿ ಒಂದು ಮಾತಂದರು. "ಈ ಸಲ ನಮ್ಮ ಬೆಳೆ ತಡ ಆಯ್ತು ಭಾಯಿ. ಡಿಸೆಂಬರ್ ಹೋಯ್ತು, ಜನವರಿ ಹೋಯ್ತು. ಜನವರಿ ಕಡೆಗೆ ಬಿತ್ತು." ಅವರು ಹೇಳಿದ ಬೆಳೆ ಹಿಮ. ನಿಜ, ಆ ಚಳಿಗಾಲ ಹಿಮಾಲಯದಲ್ಲಿ ಪೂರಾ ಒಣ. ಜನವರಿಯಲ್ಲಿ ಗುಲ್ಮಾರ್ಗ್‌ನ ಕಂದುಬಣ್ಣದ ಬಯಲಿನ ಫೋಟೋಗಳು ಪೇಪರಿನಲ್ಲಿ ಬಂದಿದ್ದು ನಿಮಗೂ ನೆನಪಿರಬಹುದು. ಔಲಿಯದೂ ಅದೇ ಕಥೆ. ಬುಕಿಂಗ್ ಮಾಡಿದವರು ರದ್ದು ಮಾಡಿದರು. ಜೀಪಿನವರು, ಚಹಾ ಅಂಗಡಿಯವರು, ಬೂಟು ಬಾಡಿಗೆ ಕೊಡುವವರು, ಕುದುರೆಯವರು ಎಲ್ಲ ಆಕಾಶ ನೋಡುತ್ತ ಕೂತರು. ನಮ್ಮ ಕಡೆ ಜೂನ್ ಜುಲೈಯಲ್ಲಿ ಕಟ್ಟೆ ಮೇಲೆ ಕೂತವರ ಮುಖ ಹೇಗಿರುತ್ತೋ ಹಾಗೆ.

ನಮ್ಮ ಜಿಲ್ಲೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಹಿಂಗಾರಿ ಸೀಮೆ. ಮಳೆಗಾಲದ ಕೊನೆಯ ಮಳೆಯ ಹಸಿಯನ್ನು ಎರೆಭೂಮಿ ಒಳಗೆ ಹಿಡಿದಿಟ್ಟುಕೊಳ್ಳುತ್ತೆ. ಆ ಹಸಿಯ ಮೇಲೇ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಡೋಣಿ ಹರಿದರೆ ಓಣಿಗೆಲ್ಲ ಜೋಳ ಅನ್ನೋ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. ಬೆಟ್ಟದವರಿಗೆ ಎರೆಭೂಮಿ ಇಲ್ಲ, ನೀರು ನಿಲ್ಲದ ಕಡಿದಾದ ಹೊಲ. ಅಲ್ಲಿ ಹಸಿ ಹಿಡಿದಿಡುವ ಕೆಲಸ ಹಿಮದ್ದು. ಹೊಸದಾಗಿ ಬಿದ್ದ ಹಿಮ ಹತ್ತು ಇಂಚು ಕರಗಿದರೆ ಸುಮಾರು ಒಂದು ಇಂಚು ನೀರು. ಅದು ಮಳೆಯ ಹಾಗೆ ಒಮ್ಮೆಲೇ ಹರಿದು ಹೋಗದೆ ವಾರಗಟ್ಟಲೆ ನಿಧಾನ ಕರಗಿ ನೆಲಕ್ಕೆ ಇಳಿಯುತ್ತೆ. ಅದರಿಂದ ಗೋಧಿ, ಅದರಿಂದ ಒರತೆ, ಕುಡಿಯುವ ನೀರು. ಸೇಬಿಗಂತೂ ಚಳಿ ಬೇಕೇ ಬೇಕು. ಹಳೆಯ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಗೂ ಹೆಚ್ಚು ಸಿಗದಿದ್ದರೆ ಹೂವು ಸರಿಯಾಗಿ ಬರೋದಿಲ್ಲ. ನಾವು ಲಿಂಬಿ ಗಿಡಕ್ಕೆ ಬಹಾರ ಹಿಡಿಯಲು ಕೆಲವು ದಿನ ನೀರು ತಡೆದು ಗಿಡವನ್ನು ಒಣಗಿಸುತ್ತೇವಲ್ಲ, ಸೇಬಿಗೆ ಆ ಕೆಲಸ ಚಳಿ ಮಾಡುತ್ತೆ.

ಈ ಹಿಮ ಎಲ್ಲಿಂದ ಬರುತ್ತೆ ಅನ್ನೋದೂ ಸ್ವಾರಸ್ಯದ್ದೇ. ನಮ್ಮ ಮುಂಗಾರು ಅರಬ್ಬಿ ಸಮುದ್ರದಿಂದ ಬಂದರೆ, ಅವರ ಚಳಿಗಾಲದ ಮೋಡ ದೂರದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುತ್ತೆ. ಹವಾಮಾನದವರು ಇದನ್ನು ಪಶ್ಚಿಮದ ಪ್ರಕ್ಷುಬ್ಧತೆ ಅಂತಾರೆ. ಅದು ದುರ್ಬಲವಾದರೆ ಔಲಿ ಒಣಗುತ್ತೆ. ಬಂದರೂ ಚಳಿ ಸಾಲದೆ ಹೋದರೆ ಹಿಮದ ಬದಲು ಮಳೆ ಸುರಿಯುತ್ತೆ. ಆಗ ಇದ್ದ ಹಿಮವೂ ಹೋಗುತ್ತೆ. ಔಲಿಯಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಸ್ಪರ್ಧೆಗಳು ಹಿಮ ಸಾಲದೆ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿವೆ, ರದ್ದೂ ಆಗಿವೆ. ಎತ್ತರದಲ್ಲಿರುವ ಗುಲ್ಮಾರ್ಗ್ ಕೂಡ ತಪ್ಪಿಸಿಕೊಂಡಿಲ್ಲ. 2025ರ ಫೆಬ್ರುವರಿಯ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಇಲ್ಲದೆ ಮಾರ್ಚ್‌ಗೆ ಹೋಯಿತು.

ಎಂಬತ್ತು ಟ್ಯಾಂಕರ್ ಹಿಮ

"ಬೀಳದಿದ್ದರೆ ಮಾಡಿಕೊಳ್ಳೋದು" ಅನ್ನೋದು ನಮ್ಮಂಥ ಎಂಜಿನಿಯರುಗಳ ಮೊದಲ ಉತ್ತರ. ಔಲಿಯಲ್ಲೂ ಅದನ್ನೇ ಮಾಡಿದರು. ಇಳಿಜಾರಿನ ಮೇಲ್ಗಡೆ ಒಂದು ಕೃತಕ ಕೆರೆ ಕಟ್ಟಿದರು, ಹಿಮ ಉಗುಳುವ ಯಂತ್ರಗಳನ್ನು ತರಿಸಿದರು. ಯಂತ್ರದ ಕೆಲಸ ಸರಳ. ನೀರನ್ನು ಒತ್ತಡದ ಗಾಳಿಯ ಜೊತೆ ಸಣ್ಣ ಹನಿಗಳಾಗಿ ಮೇಲಕ್ಕೆ ಎರಚುತ್ತೆ. ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಬೇಕು. ಅದಕ್ಕೆ ಗಾಳಿ ಸೊನ್ನೆಗಿಂತ ಕೆಳಗೆ ತಣ್ಣಗಿರಬೇಕು, ಒಣಗಿರಬೇಕು. ಅಂದರೆ ಚಳಿ ಇಲ್ಲದ ವರ್ಷ, ಯಂತ್ರ ಹೆಚ್ಚು ಬೇಕಾಗುವ ವರ್ಷವೇ, ಅದು ಕೆಲಸಕ್ಕೆ ಬರೋದಿಲ್ಲ. ಬೋರು ಬತ್ತಿದ ಮೇಲೆ ಪಂಪ್‌ಸೆಟ್ ಇದ್ದ ಹಾಗೆ.

ನೀರಿನ ಲೆಕ್ಕವನ್ನು ಅಲ್ಲೇ ಕೂತು ಮೊಬೈಲಿನಲ್ಲಿ ಹಾಕಿದೆ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದರ ಮೇಲೆ ಒಂದು ಅಡಿ ದಪ್ಪ ಹಿಮ ಹಾಸಲು ಸುಮಾರು 1,200 ಘನ ಮೀಟರ್ ಹಿಮ ಬೇಕು. ಯಂತ್ರದ ಹಿಮ ಆಕಾಶದ ಹಿಮಕ್ಕಿಂತ ಗಟ್ಟಿ, ಒಂದು ಘನ ಮೀಟರಿಗೆ 400 ಲೀಟರ್ ನೀರಾದರೂ ಹೋಗುತ್ತೆ. ಒಟ್ಟು 4.8 ಲಕ್ಷ ಲೀಟರ್. ಅಪ್ಪ ತರಿಸುತ್ತಿದ್ದ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಎಂಬತ್ತು ಟ್ಯಾಂಕರ್. ಇದು ಒಂದೇ ಎಕರೆಗೆ. ಸ್ಕೀ ಮೈದಾನ ಎಷ್ಟೋ ಎಕರೆ. ಕರಗಿದ ನೀರು ಪೂರ್ತಿ ಹಾಳಾಗೋದಿಲ್ಲ, ನೆಲಕ್ಕೇ ಇಳಿಯುತ್ತೆ ಅನ್ನಬಹುದು. ಸರಿ. ಆದರೆ ಜನವರಿಯ ಒಣ ದಿನಗಳಲ್ಲಿ ಒರತೆ ಬತ್ತಿದ ಬೆಟ್ಟದಲ್ಲಿ ಅಷ್ಟು ನೀರನ್ನು ಯಾರ ಪಾಲಿನಿಂದ ತೆಗೀತೀರಿ ಅನ್ನೋದು ಪ್ರಶ್ನೆ.

ಇದು ಔಲಿಯ ಕಥೆ ಮಾತ್ರ ಅಲ್ಲ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುತೇಕ ಪೂರ್ತಿ ಯಂತ್ರದ ಹಿಮದ ಮೇಲೇ ನಡೆಯಿತು. ಯುರೋಪಿನ ಆಲ್ಪ್ಸ್‌ನಲ್ಲಿ ತಗ್ಗು ಪ್ರದೇಶದ ಕೆಲವು ಸ್ಕೀ ಕೇಂದ್ರಗಳು ಬಾಗಿಲು ಹಾಕಿವೆ. ಅವರ ಹತ್ತಿರ ದುಡ್ಡಿದೆ, ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ನಮ್ಮ ತರಬೇತುದಾರರಿಗೆ ಮೂರು ತಿಂಗಳ ಹಿಮ, ಆರು ತಿಂಗಳ ಬದರಿಯಾತ್ರೆ, ಉಳಿದಂತೆ ತುಂಡು ಹೊಲದಲ್ಲಿ ಆಲೂಗಡ್ಡೆ, ರಾಜ್ಮಾ. ಮೂರರಲ್ಲಿ ಒಂದು ತಪ್ಪಿದರೆ ಮಗಳ ಕಾಲೇಜು ಫೀಸು ಕಷ್ಟ ಅಂದರು.

ಕೆಳಗಿನ ಊರು ಕುಸಿದಾಗ

ಈಗ ರೋಪ್‌ವೇ ಯಾಕೆ ನಿಂತಿತು ಅನ್ನೋದಕ್ಕೆ ಬರ್ತೀನಿ. ಜೋಶಿಮಠ ಗಟ್ಟಿ ಬಂಡೆಯ ಮೇಲೆ ನಿಂತ ಊರಲ್ಲ. ಬಹಳ ಹಿಂದೆ ಕುಸಿದು ಬಿದ್ದ ಬೆಟ್ಟದ ಮಣ್ಣು, ಕಲ್ಲಿನ ರಾಶಿಯ ಮೇಲೆ ಕೂತಿದೆ. ಇದು ಹೊಸ ಸಂಗತಿಯಲ್ಲ. ಆಗಿನ ಗಢವಾಲ್ ಕಮಿಷನರ್ ಎಂ.ಸಿ. ಮಿಶ್ರಾ ಅವರ ಸಮಿತಿ 1976ರಲ್ಲೇ ವರದಿ ಕೊಟ್ಟು, ಇಳಿಜಾರಿನ ಬಂಡೆಗಳನ್ನು ತೆಗೆಯಬೇಡಿ, ಸ್ಫೋಟಕ ಬಳಸಬೇಡಿ, ಭಾರಿ ಕಟ್ಟಡ ಕಟ್ಟಬೇಡಿ, ನೀರು ಹರಿದುಹೋಗಲು ಚರಂಡಿ ಮಾಡಿ, ಗಿಡ ಹಚ್ಚಿ ಅಂತ ಹೇಳಿತ್ತು. ಆಮೇಲೆ ಊರು ಬೆಳೆಯಿತು, ಹೋಟೆಲುಗಳು ಎದ್ದವು, ರಸ್ತೆಗಳು ಅಗಲವಾದವು, ಹತ್ತಿರದಲ್ಲೇ ಜಲವಿದ್ಯುತ್ ಯೋಜನೆಗಳು ಬಂದವು. 2021ರ ಫೆಬ್ರುವರಿ 7ರಂದು ಋಷಿಗಂಗಾ, ಧೌಲಿಗಂಗಾ ಕಣಿವೆಯಲ್ಲಿ ಪ್ರವಾಹ ನುಗ್ಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. 1974ರಲ್ಲಿ ಗೌರಾದೇವಿ ಮತ್ತು ಹೆಣ್ಣುಮಕ್ಕಳು ಮರಗಳನ್ನು ಅಪ್ಪಿ ಉಳಿಸಿದ ಚಿಪ್ಕೊ ಚಳವಳಿಯ ರೈಣಿ ಹಳ್ಳಿ ಇರೋದು ಅದೇ ಕಣಿವೆಯಲ್ಲಿ.

2023ರ ಜನವರಿಯ ಮೊದಲ ವಾರ ಜೋಶಿಮಠದಲ್ಲಿ ಗೋಡೆಗಳ ಬಿರುಕು ಒಮ್ಮೆಲೇ ಹೆಚ್ಚಿತು. ನೆಲದಿಂದ ಕೆಸರು ನೀರು ಉಕ್ಕಿತು. ಉಪಗ್ರಹ ಚಿತ್ರಗಳನ್ನು ನೋಡಿದ ರಾಷ್ಟ್ರೀಯ ದೂರಸಂವೇದಿ ಕೇಂದ್ರ, 2022ರ ಡಿಸೆಂಬರ್ 27ರಿಂದ ಜನವರಿ 8ರವರೆಗಿನ 12 ದಿನಗಳಲ್ಲೇ ಊರಿನ ಒಂದು ಭಾಗ 5.4 ಸೆಂಟಿಮೀಟರ್ ಇಳಿದಿದೆ ಎಂದಿತು. 860ಕ್ಕೂ ಹೆಚ್ಚು ಮನೆ, ಕಟ್ಟಡಗಳು ಬಿರುಕು ಬಿಟ್ಟವು. ಒಂದರ ಕಡೆಗೊಂದು ವಾಲಿದ ಎರಡು ಹೋಟೆಲುಗಳನ್ನು ಕೆಡವಬೇಕಾಯಿತು. ಜನ ಶಾಲೆಗಳಲ್ಲಿ, ಲಾಡ್ಜುಗಳಲ್ಲಿ ಚಳಿಗಾಲ ಕಳೆದರು. ರೋಪ್‌ವೇಯ ಕೆಳಗಿನ ನಿಲ್ದಾಣದ ಹತ್ತಿರವೂ ಬಿರುಕು ಕಂಡು ಅದನ್ನು ನಿಲ್ಲಿಸಿದರು.

ನಾವು ಜೋಶಿಮಠದಲ್ಲಿ ಎರಡು ರಾತ್ರಿ ಉಳಿದ ಮನೆಯ ಒಡತಿಯ ತವರುಮನೆ ಹೀಗೆ ಬಿರುಕು ಬಿಟ್ಟಿತ್ತು. ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿದ್ದರಂತೆ, ಇಲ್ಲಿ ಇರಬೇಡಿ ಅಂತ. "ಪರಿಹಾರ ಕೊಡ್ತಾರೆ, ಬೇರೆ ಊರಲ್ಲಿ ಜಾಗ ಅಂತಾರೆ. ನಮ್ಮ ದೇವಿ ಎಲ್ಲಿಗೆ ಬರ್ತಾಳೆ? ಅಂಗಡಿಗೆ ಗಿರಾಕಿ ಎಲ್ಲಿಂದ ಬರ್ತಾರೆ?" ಅಂತ ಕೇಳಿದರು.

ನನಗೆ ಕೂಡಲೇ ನೆನಪಾದದ್ದು ನಮ್ಮ ಸೋದರತ್ತೆ. ಅವಳ ಗಂಡನ ಮನೆ ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಹಳೆ ಕೊಲ್ಹಾರದಲ್ಲಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಆ ಊರು ಮುಳುಗಿತು. ಹೊಸ ಊರು ಬಂತು, ಅಗಲ ರಸ್ತೆ ಬಂತು. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಅತ್ತೆ ಈಗಲೂ ದಂಡೆಗೆ ಹೋಗಿ ನಿಂತು ಬರುತ್ತಾಳೆ. ಔಲಿಯಿಂದ ಫೋನ್ ಮಾಡಿ ಜೋಶಿಮಠದ ಸುದ್ದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮಗ ನೀರು ಬರತೈತಿ ಅಂತ ಹೇಳಿ ಎಬ್ಬಿಸಿದ್ರು ತಮ್ಮಾ. ಪಾಪ, ಅವರಿಗಿ ಯಾರೂ ಮದ್ಲ ಹೇಳಲಿಲ್ಲೇನು?" ಅಂದಳು.

ಹೇಳಿದ್ದರು, 1976ರಲ್ಲೇ. ಅದಕ್ಕೆ ಏನು ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ.

ಆಲಮಟ್ಟಿಗೂ ಜೋಶಿಮಠಕ್ಕೂ ಒಂದು ವ್ಯತ್ಯಾಸ ಇದೆ. ಅಣೆಕಟ್ಟೆಯ ನೀರು ನಮ್ಮ ಜಿಲ್ಲೆಯ ಎಷ್ಟೋ ಹೊಲಗಳಿಗೆ, ಕೆರೆಗಳಿಗೆ ಬಂದಿದೆ. ಊರು ಕಳೆದುಕೊಂಡವರ ಎದುರಿಗೆ, ನೀರು ಪಡೆದವರೂ ನಮ್ಮವರೇ. ಔಲಿಯ ಇಳಿಜಾರಿನಿಂದ ಸುಖಪಟ್ಟು ಬರುವವರು ನಾವು ಹೊರಗಿನವರು, ಬಿರುಕು ಮಾತ್ರ ಅವರ ಗೋಡೆಗೆ. 2019ರ ಜೂನ್‌ನಲ್ಲಿ ಔಲಿಯಲ್ಲಿ ಒಂದು ಶ್ರೀಮಂತ ಕುಟುಂಬದ ಅದ್ಧೂರಿ ಮದುವೆ ನಡೆಯಿತು. ಅದಕ್ಕೆ ಹೈಕೋರ್ಟು 3 ಕೋಟಿ ರೂಪಾಯಿ ಠೇವಣಿ ಇಡಿಸಿತ್ತು, ಆದರೂ ಕಸದ ರಾಶಿ ಬಿತ್ತು. ಬಂದವರು ಹೋದರು, ಹುಲ್ಲುಗಾವಲು ಬಳಿದವರು ಊರಿನವರು.

ಹಾಗಾದ್ರೆ ಹೋಗಬೇಕೋ ಬೇಡವೋ?

ಬಂದ ಮೇಲೆ ಆಫೀಸಿನಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು, "ಹಾಗಾದ್ರೆ ಹೋಗಲೇಬಾರದು" ಅಂದರು. ನಾನು ಒಪ್ಪೋದಿಲ್ಲ. ಬರ ಬಿದ್ದ ವರ್ಷ ನಮ್ಮ ಲಿಂಬಿಯನ್ನು ಕೊಳ್ಳೋದು ಬಿಟ್ಟರೆ ಬರ ನೀಗುತ್ತಾ? ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೂ ಕೊಳ್ಳುವವರು ಬಂದರೆ ಮಾತ್ರ ರೈತನಿಗೆ ಉಸಿರು. ಔಲಿಯೂ ಹಾಗೇ. ಜೋಶಿಮಠದವರು ನನಗೆ ಒಬ್ಬರೂ "ಬರಬೇಡಿ" ಅನ್ನಲಿಲ್ಲ. "ಬನ್ನಿ, ನೋಡಿಕೊಂಡು ಬನ್ನಿ" ಅಂದರು.

ಆ 'ನೋಡಿಕೊಂಡು' ಅನ್ನೋದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ದೊಡ್ಡ ಹೊಸ ಹೋಟೆಲ್ ಬದಲು ಊರಿನವರ ಮನೆಯಲ್ಲಿ ಉಳಿಯಿರಿ. ದುಡ್ಡು ಅಲ್ಲೇ ನಿಲ್ಲುತ್ತೆ, ಬೆಟ್ಟದ ಮೇಲೆ ಇನ್ನೊಂದು ಮಹಡಿ ಏಳೋದಿಲ್ಲ. ಸ್ಥಳೀಯ ತರಬೇತುದಾರರ ಹತ್ತಿರ ಕಲಿಯಿರಿ. ಏಳು ದಿನ, ಹದಿನಾಲ್ಕು ದಿನದ ತರಬೇತಿಗಳಿವೆ, ಸಾಮಾನು ಅಲ್ಲೇ ಸಿಗುತ್ತೆ. ಹೊಸ ಜಾಕೆಟ್ಟಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಜನವರಿ ಕೊನೆಯಿಂದ ಮಾರ್ಚ್ ಮೊದಲವರೆಗೆ ಹಿಮ ಸಿಗುವ ಸಂಭವ ಹೆಚ್ಚು. ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಹಿಮ ಇಲ್ಲ ಅಂದರೂ ಬುಕಿಂಗ್ ರದ್ದು ಮಾಡುವ ಮುಂಚೆ ಯೋಚಿಸಿ. ಗೋರ್ಸನ್ ಬುಗ್ಯಾಲ್‌ಗೆ ನಡೆಯಬಹುದು, ನರಸಿಂಹ ದೇವಸ್ಥಾನ ಇದೆ, ನಂದಾದೇವಿ ಎಲ್ಲೂ ಹೋಗೋದಿಲ್ಲ. ನಮ್ಮ ವಿಜಯಪುರ ಇರೋದು ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸೀದಾ 3,000 ಮೀಟರಿಗೆ ಹೋದರೆ ತಲೆನೋವು, ವಾಂತಿ ಬರಬಹುದು. ಒಂದು ರಾತ್ರಿ ಜೋಶಿಮಠದಲ್ಲಿ ಉಳಿದು ಏರಿ. ಕಪ್ಪು ಕನ್ನಡಕ ಮರೀಬೇಡಿ, ಹಿಮದ ಬಿಸಿಲು ನಮ್ಮ ಮೇ ತಿಂಗಳ ಬಿಸಿಲಿಗಿಂತ ಕಣ್ಣಿಗೆ ಕೆಟ್ಟದ್ದು. ಒಯ್ದ ಪ್ಲಾಸ್ಟಿಕ್ ವಾಪಸ್ ತನ್ನಿ.

ನಮ್ಮೂರ ಮಕ್ಕಳಿಗೆ ಈ ಆಟ ಆಗಿಬರುತ್ತಾ ಅಂತ ಕೇಳುವವರಿಗೆ ಒಂದು ಹೆಸರು ಹೇಳ್ತೀನಿ. ಕೊಡಗಿನ ತೆಕ್ಕಡ ಭವಾನಿ ನಂಜುಂಡ. ಹಿಮವೇ ಬೀಳದ ರಾಜ್ಯದಿಂದ ಹೋಗಿ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ, ಅಂದರೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಕಿಲೋಮೀಟರುಗಟ್ಟಲೆ ಸಾಗುವ ಆಟದಲ್ಲಿ, ಕರ್ನಾಟಕದ ಪರ ಖೇಲೊ ಇಂಡಿಯಾ ಕೂಟದಲ್ಲಿ ಚಿನ್ನ ಗೆದ್ದವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ವಿಭಾಗದಲ್ಲಿ ಕಂಚು ಪಡೆದರು. ನಮ್ಮಲ್ಲಿ ಮಳೆಗಾಲ ಇದ್ದಾಗ ಅಲ್ಲಿ ಚಳಿಗಾಲ. ಹಿಮ ಎಲ್ಲಿದೆಯೋ ಅಲ್ಲಿಗೆ ಹುಡುಕಿಕೊಂಡು ಹೋಗಬೇಕಾದ ಆಟ ಇದು.

ನಮ್ಮ ತರಬೇತುದಾರರಿಗೆ ಹಾಗೆ ಹುಡುಕಿಕೊಂಡು ಹೋಗಲು ಆಗೋದಿಲ್ಲ. ಅವರು ಇರುವಲ್ಲಿಗೇ ಹಿಮ ಬರಬೇಕು. ನಾವಿಬ್ಬರೂ ಈಗ ವಾಟ್ಸ್‌ಆ್ಯಪ್‌ನಲ್ಲಿ ಹವಾಮಾನ ಮಾತಾಡುವ ಗೆಳೆಯರು. 2024ರ ಜುಲೈನಲ್ಲಿ ಆಲಮಟ್ಟಿ ತುಂಬಿ ಗೇಟು ತೆರೆದ ವಿಡಿಯೋ ಕಳಿಸಿದೆ. "ನಿಮ್ಮ ಅಪ್ಪನ ಟ್ಯಾಂಕರ್ ನಿಂತಿತಾ?" ಅಂತ ಕೇಳಿದರು. ನಿಂತಿತ್ತು, ಕೆಲವು ಗಿಡ ಒಣಗಿದ ಮೇಲೆ. ಡಿಸೆಂಬರ್‌ನಲ್ಲಿ ಅವರ ಕಡೆಯಿಂದ ಬಿಳೀ ಇಳಿಜಾರಿನ ಫೋಟೋ ಬಂತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಹಸಿ ಛಲೋ ಐತಿ. ಗೋಧಿ ಬರತೈತಿ ಅವರಿಗಿ" ಅಂದರು.